‘ಸಂಶಯ’ ಅಂದರೆ ಡೌಟೋ, ಸಸ್ಪೆಕ್ಟೋ?

ಪ್ರಶ್ನೆ: ಕಬ್ಬಿನ ತೂಕದಲ್ಲಿ ಮೋಸವಾಗಿದೆ ಎಂಬ ಸಂಶಯದಿಂದ ನಮ್ಮೂರ ರೈತರು ಬರೆದ ಅರ್ಜಿಯನ್ನು ಇಂಗ್ಲಿಷಿಗೆ ಮಾಡಿಕೊಟ್ಟೆ. ‘ವಿ ಡೌಟ್ ದಟ್ ದಿ ವೇಬ್ರಿಡ್ಜ್ ಶೋಡ್ ಲೆಸ್ ವೇಟ್’ ಎಂದು ಬರೆದಿದ್ದೆ. ಓದಿದವರೊಬ್ಬರು ಅರ್ಥವೇ ಉಲ್ಟಾ ಆಗಿದೆ ಅಂದರು. ಡೌಟ್ ಅಂದರೆ ಸಂಶಯ ತಾನೆ? ತಪ್ಪೆಲ್ಲಿದೆ?
– ಬಾಗಲಕೋಟೆ ಜಿಲ್ಲೆಯ ಓದುಗರು

ಉತ್ತರ: ಅವರು ಹೇಳಿದ್ದು ಸರಿ. ಇಂಗ್ಲಿಷ್ ಬಲ್ಲವರಿಗೆ ನಿಮ್ಮ ಸಾಲು ‘ಕಾಟಾ ಕಡಿಮೆ ತೂಕ ತೋರಿಸಿರಲಿಕ್ಕಿಲ್ಲ’ ಎಂದು ಕೇಳುತ್ತದೆ. ರೈತರ ಅರ್ಜಿ ಕಾರ್ಖಾನೆಯ ಪರ ಸಾಕ್ಷಿ ನುಡಿದಂತಾಯಿತು.

ಕನ್ನಡದ ಸಂಶಯ, ಅನುಮಾನ ಎರಡೂ ಕಡೆ ವಾಲುವ ಮಾತುಗಳು. ಇಂಗ್ಲಿಷಿನಲ್ಲಿ ಆ ಎರಡು ಕಡೆಗೆ ಎರಡು ಬೇರೆ ಪದಗಳಿವೆ. ‘ಆಗಿರಲಿಕ್ಕಿಲ್ಲ, ಆಗಲಿಕ್ಕಿಲ್ಲ’ ಅನ್ನಿಸಿದರೆ ಡೌಟ್. ‘ಆಗಿರಬೇಕು’ ಅನ್ನಿಸಿದರೆ ಸಸ್ಪೆಕ್ಟ್.

ಯಾವುದನ್ನು ಯಾವಾಗ ಹಾಕಬೇಕು ಎಂಬುದಕ್ಕೆ ನಮ್ಮ ಮಾತಿನಲ್ಲೇ ಗುರುತಿದೆ. ‘ಇವತ್ತ ಮಳಿ ಬರೂದು ಸಂಶಯ’ ಅನ್ನುತ್ತೇವೆ. ‘ಚೀಲಾ ಅವನ ಒಯ್ದಾನಂತ ಸಂಶಯ’ ಅಂತಲೂ ಅನ್ನುತ್ತೇವೆ. ಮೊದಲನೆಯದರಲ್ಲಿ ಸಂಶಯದ ಹಿಂದೆ ‘ಬರೂದು’ ಇದೆ, ಅದು ಡೌಟ್. ಎರಡನೆಯದರಲ್ಲಿ ‘ಅಂತ’ ಇದೆ, ಅದು ಸಸ್ಪೆಕ್ಟ್. ಇನ್ನೂ ಖಾತ್ರಿ ಬೇಕಿದ್ದರೆ ಸಂಶಯ ತೆಗೆದು ಗುಮಾನಿ ಹಾಕಿ ನೋಡಿ. ‘ಅವನ ಒಯ್ದಾನಂತ ಗುಮಾನಿ’ ಸರಿಯಾಗಿ ಕೂಡುತ್ತದೆ. ‘ಮಳಿ ಬರೂದು ಗುಮಾನಿ’ ಅಂತ ವಿಜಯಪುರದಲ್ಲೂ ಅನ್ನುವುದಿಲ್ಲ, ಬೆಳಗಾವಿಯಲ್ಲೂ ಅನ್ನುವುದಿಲ್ಲ. ಗುಮಾನಿ ಕೂಡಿದಲ್ಲೆಲ್ಲ ಸಸ್ಪೆಕ್ಟ್ ಬರೆಯಿರಿ.

ಒಂದು ಕಡೆ ಮಾತ್ರ ಎಚ್ಚರ ಬೇಕು. ‘ಬರತಾನೋ ಇಲ್ಲೋ ಅಂತ ಸಂಶಯ’ ಎಂಬಲ್ಲಿ ‘ಅಂತ’ ಇದ್ದರೂ ಮನಸ್ಸು ತೂಗಾಡುತ್ತಿದೆ. ಅಲ್ಲಿ ‘ಡೌಟ್ ವೆದರ್’ ಬರಬೇಕು.

ಹಾಗಂತ ನಿಮ್ಮ ಅರ್ಜಿಯಲ್ಲಿ ಡೌಟ್ ಬರಲೇಬಾರದು ಅಂತಲ್ಲ. ಅದರ ಮುಂದೆ ಇಡೀ ವಾಕ್ಯದ ಬದಲು ಬರೀ ವಸ್ತುವಿನ ಹೆಸರು ಬಂದರೆ ‘ಅದನ್ನು ನಂಬಲಾರೆವು’ ಎಂಬ ಅರ್ಥ ಬರುತ್ತದೆ. ‘ವಿ ಡೌಟ್ ದಿ ವೇಟ್ ಶೋನ್’, ಅಂದರೆ ತೋರಿಸಿದ ತೂಕದ ಮೇಲೆ ನಮಗೆ ನಂಬಿಕೆಯಿಲ್ಲ. ಇದು ಸರಿಯಾದ ಸಾಲು. ಮನುಷ್ಯರ ವಿಷಯದಲ್ಲೂ ಹೀಗೆಯೇ. ‘ಐ ಡೌಟ್ ಹಿಮ್’ ಅಂದರೆ ಅವನ ಮಾತಿನ ಮೇಲೆ ಭರವಸೆ ಇಲ್ಲ. ‘ಐ ಸಸ್ಪೆಕ್ಟ್ ಹಿಮ್’ ಅಂದರೆ ಅವನೇ ಮಾಡಿರಬೇಕು. ಎರಡನೆಯದು ಆರೋಪ. ಸಹಿ ಹಾಕುವ ಮುಂಚೆ ಯೋಚಿಸಿ ಬರೆಯಬೇಕಾದ ಮಾತು.

ತರಗತಿಯಲ್ಲಿ ಮಕ್ಕಳು ಹೇಳುವ ‘ಸರ್, ಐ ಹ್ಯಾವ್ ಎ ಡೌಟ್’ ನಮ್ಮ ದೇಶದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊರದೇಶದ ಇಂಟರ್‌ವ್ಯೂದಲ್ಲಿ ಹಾಗಂದರೆ ‘ನೀವು ಹೇಳಿದ್ದು ನಂಬಿಕೆಯಾಗಲಿಲ್ಲ’ ಅಂದಂತೆ ಕೇಳಬಹುದು. ಅಲ್ಲಿ ‘ಐ ಹ್ಯಾವ್ ಎ ಕ್ವೆಶ್ಚನ್’ ಅನ್ನಬೇಕು. ‘ನೋ ಡೌಟ್’ ಕೂಡ ನಾವು ತಿಳಿದಷ್ಟು ಗಟ್ಟಿಯಲ್ಲ. ‘ನೋ ಡೌಟ್ ಹಿ ವಿಲ್ ಕಮ್’ ಅಂದರೆ ಅನೇಕ ಸಲ ‘ಬರಬಹುದು ಬಿಡಿ’ ಎಂಬಷ್ಟೇ ಅರ್ಥ. ಖಂಡಿತ ಅನ್ನಲು ‘ವಿದೌಟ್ ಡೌಟ್’ ಬೇಕು.

ಇನ್ನು ಅಪನಂಬಿಕೆಗೆ ಡಿಸ್‌ಟ್ರಸ್ಟ್, ಮಿಸ್‌ಟ್ರಸ್ಟ್ ಎಂಬ ಜೋಡಿ ಇದೆ. ಒಮ್ಮೆ ಮೋಸಹೋಗಿ, ಕಾರಣ ಗೊತ್ತಿದ್ದು ನಂಬದಿರುವುದು ಸಾಮಾನ್ಯವಾಗಿ ಡಿಸ್‌ಟ್ರಸ್ಟ್. ಕಾರಣ ಹೇಳಲಾಗದ ಅಳುಕು ಮಿಸ್‌ಟ್ರಸ್ಟ್. ಬಳಕೆಯಲ್ಲಿ ಎರಡೂ ಬೆರೆತುಹೋಗಿವೆ, ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ‘ಸಸ್ಪಿಷಸ್’ ಬಗ್ಗೆ ಮಾತ್ರ ಹುಷಾರು. ಸಂಶಯಪಡುವವನೂ ಸಸ್ಪಿಷಸ್, ಸಂಶಯಕ್ಕೆ ಕಾರಣನಾದವನೂ ಸಸ್ಪಿಷಸ್. ಮುಂದೆ ‘ಆಫ್’ ಸೇರಿಸಿದರೆ ಸಂಶಯಪಡುವವನು ಎಂದು ಸ್ಪಷ್ಟವಾಗುತ್ತದೆ.

ನಂಬಿಕೆಯ ಕಡೆ ಬಂದರೆ, ಈಗ ಆಡಿದ ಒಂದು ಮಾತನ್ನು ನಂಬುವುದು ಬಿಲೀವ್. ಮನುಷ್ಯನನ್ನೇ ನಂಬಿ ಮನೆಯ ಕೀಲಿ ಕೊಡುವುದು ಟ್ರಸ್ಟ್. ಕ್ರೆಡಿಟ್ ಎಂಬ ಪದದ ಬೇರೂ ‘ನಂಬು’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದವೇ. ಅಂಗಡಿಯವರು ಉದ್ರಿ ಕೊಡುವುದು ಮುಖ ನೋಡಿಯಲ್ಲವೆ? ನಮ್ಮ ಊರುಗಳ ‘ಪತ್ತಿನ ಸಹಕಾರಿ ಸಂಘ’ದ ಫಲಕದಲ್ಲಿರುವ ಪತ್ತು ಅಂದರೂ ಅದೇ. ಕ್ರೆಡಿಟ್‌ಗೆ ಇದಕ್ಕಿಂತ ಒಳ್ಳೆಯ ಕನ್ನಡ ನಮಗೆ ಕಂಡಿಲ್ಲ.

ನಿಮ್ಮ ಅರ್ಜಿ ತೂಕ-ಅಳತೆ ಪರೀಕ್ಷಿಸುವ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಹೋಗುವುದಾದರೆ ಮೊದಲ ಸಾಲನ್ನು ‘ವಿ ಸಸ್ಪೆಕ್ಟ್ ದಟ್ ದಿ ವೇಬ್ರಿಡ್ಜ್ ಶೋಡ್ ಲೆಸ್ ವೇಟ್’ ಎಂದು ತಿದ್ದಿ. ಅದರ ಕೆಳಗೆ ಗಾಡಿಯ ನಂಬರು, ತಾರೀಖು, ಕಾರ್ಖಾನೆಯ ಕಾಟಾ ಮತ್ತು ನೀವು ಹೊರಗೆ ತೂಗಿಸಿದ ಕಾಟಾ, ಎರಡರ ಚೀಟಿಯಲ್ಲಿರುವ ತೂಕ ಬರೆಯಿರಿ. ಒಂದೇ ಚೀಟಿ ಇದ್ದರೆ, ಹೋಲಿಸಲು ಇನ್ನೊಂದು ತೂಕವಿಲ್ಲದಿದ್ದರೆ, ‘ವಿ ಡೌಟ್ ದಿ ವೇಟ್ ಶೋನ್’ ಎಂದಷ್ಟೇ ಬರೆದು ಕಾಟಾ ಪರೀಕ್ಷಿಸಲು ಕೇಳಿಕೊಳ್ಳಿ.