ಧೈರ್ಯವಂತೆ ಎಂದು ಹೊಗಳುವ ಮುನ್ನ

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ನನ್ನ ಬಳಿ ಆಪ್ತಸಮಾಲೋಚನೆಗೆ ಬರುವವರಲ್ಲಿ ಹೆಚ್ಚಿನವರು ಅಳುವವರು. ಬೆನ್ನು ನೋವು ಬಂದರೂ ಕಾಯಿಲೆ ಮರಳಿತೆಂಬ ಭಯ, ಗಂಡ ಫೋನ್ ಎತ್ತದಿದ್ದರೆ ಗಾಬರಿ. ಇವರ ಸಂಕಟ ಮನೆಯವರಿಗೆ ಬೇಗ ತಿಳಿಯುತ್ತದೆ. ನನ್ನನ್ನು ಹೆಚ್ಚು ಕಾಡುವವರು ಬೇರೆ. ಕೀಮೋಗೂ ಒಬ್ಬರೇ ಹೋಗಿಬಂದು, "ನಂಗೇನಾಗಿದೆ, ಚೆನ್ನಾಗೇ ಇದೀನಿ" ಅನ್ನುವವರು. ನೆಂಟರೆಲ್ಲ ಅವರನ್ನು ಧೈರ್ಯವಂತೆ ಎಂದು ಹೊಗಳುತ್ತಾರೆ. ಸಮಾಲೋಚಕರ ಬಳಿ ಮಾತ್ರ ಯಾರೂ ಕರೆತರುವುದಿಲ್ಲ.

ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿಯ ಚಿಂತನೆಯನ್ನು ಮುಂದುವರಿಸಿ ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಎಳೆಯ ಮಕ್ಕಳಲ್ಲಿ ಗುರುತಿಸಿದ ಬಾಂಧವ್ಯದ ಶೈಲಿಗಳನ್ನು, ಅಂದರೆ ಆಪ್ತರನ್ನು ನೆಚ್ಚುವ ರೀತಿಗಳನ್ನು, 1987ರಲ್ಲಿ ಮನಶ್ಶಾಸ್ತ್ರಜ್ಞರಾದ ಹೇಜನ್ ಮತ್ತು ಶೇವರ್ ದೊಡ್ಡವರ ಪ್ರೇಮ ಸಂಬಂಧಗಳಲ್ಲೂ ತೋರಿಸಿಕೊಟ್ಟರು. ಕರೆದರೆ ಬರುತ್ತಾರೆಂಬ ನಂಬಿಕೆ ಬೇರೂರಿದವರು ಕಷ್ಟದಲ್ಲಿ ಸಲೀಸಾಗಿ ನೆರವು ಕೇಳುತ್ತಾರೆ. ಆ ನಂಬಿಕೆ ಅಲುಗಾಡುತ್ತಿದ್ದರೆ ಮತ್ತೆ ಮತ್ತೆ ಕೂಗುತ್ತಾರೆ. ಕೂಗಿ ಪ್ರಯೋಜನವಿಲ್ಲವೆಂದು ಕಲಿತವರು ಕೂಗುವುದನ್ನೇ ಬಿಡುತ್ತಾರೆ. ಭಯ ಮೂವರಿಗೂ ಇದೆ.

ಸುಮ್ಮನಿರುವವರ ಭಯ ಹೊರಬರುವ ದಾರಿಗಳೇ ಬೇರೆ: ಶಸ್ತ್ರಚಿಕಿತ್ಸೆಯಾದ ಜಾಗವನ್ನು ಕನ್ನಡಿಯಲ್ಲಿ ನೋಡದಿರುವುದು, ಮಲಗುವ ಕೋಣೆ ಬದಲಿಸುವುದು, ಫಾಲೋ ಅಪ್ ಮುಂದೂಡುವುದು. ಕ್ಯಾನ್ಸರ್ ಮರಳದಂತೆ ಸಾಮಾನ್ಯವಾಗಿ ಕನಿಷ್ಠ 5 ವರ್ಷ ನುಂಗಬೇಕಾದ ಟ್ಯಾಮೊಕ್ಸಿಫೆನ್ ಮಾತ್ರೆಯನ್ನು ಯಾರಿಗೂ ಹೇಳದೆ ನಿಲ್ಲಿಸಿದವರನ್ನೂ ಕಂಡಿದ್ದೇನೆ. (ಖಿನ್ನತೆಯ ಔಷಧಿ ಬೇಕಾದರೆ ಈ ಮಾತ್ರೆಯ ವಿಷಯವನ್ನು ಮನೋವೈದ್ಯರಿಗೆ ತಪ್ಪದೆ ಹೇಳಿ, ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಇದರ ಕೆಲಸಕ್ಕೆ ಅಡ್ಡಿಯಾಗಬಲ್ಲವು.)

ಇಂಥವರಿಗೆ "ಮನಸ್ಸು ಬಿಚ್ಚಿ ಅತ್ತುಬಿಡು" ಅಂದರೆ ಇನ್ನಷ್ಟು ಮುದುಡುತ್ತಾರೆ. "ಮಂಗಳವಾರದ ಸ್ಕ್ಯಾನ್‌ಗೆ ನಾನೂ ಬರ್ತೀನಿ" ಅನ್ನಿ, ದಾರಿಯಲ್ಲಿ ಮಾತಾಡದೆ ಕೂತರೂ ಸಾಕು. ಆತಂಕದವರಿಗೆ ಬೇಕಾದದ್ದು ಹೇಳಿದ ಹೊತ್ತಿಗೆ ತಪ್ಪದೆ ಬರುವ ಒಂದು ಫೋನು. "ಏನೂ ಆಗಲ್ಲ, ಯೋಚನೆ ಮಾಡ್ಬೇಡ" ಅನ್ನುವುದು ಇಬ್ಬರ ಬಾಯನ್ನೂ ಮುಚ್ಚಿಸುತ್ತದೆ.

"ನನ್ನ ಸ್ವಭಾವದಿಂದಲೇ ಕ್ಯಾನ್ಸರ್ ಬಂತಾ?" ಎಂದು ಕೇಳುವವರಿದ್ದಾರೆ. ಇಲ್ಲ, ಖಂಡಿತ ಇಲ್ಲ. ಬಾಂಧವ್ಯದ ಶೈಲಿ ರೋಗವೂ ಅಲ್ಲ, ಹಣೆಬರಹವೂ ಅಲ್ಲ. ಐವತ್ತು ದಾಟಿದ ಮೇಲೆ ಮೊದಲ ಸಲ ಮಗಳ ಹತ್ತಿರ "ಜೊತೆಗೆ ಬಾ" ಅಂದವರಿದ್ದಾರೆ.

ಕ್ಯಾನ್ಸರ್ ವೈದ್ಯರಲ್ಲಿ ನನ್ನದೊಂದು ಕೋರಿಕೆ. "ಹೇಗಿದ್ದೀರಿ?" ಎಂಬುದಕ್ಕೆ ಈ ಹೆಂಗಸರಲ್ಲಿ ಸಿದ್ಧ ಉತ್ತರವಿದೆ. "ರಾತ್ರಿ ಎಚ್ಚರವಾದರೆ ಯಾರನ್ನು ಎಬ್ಬಿಸ್ತೀರಿ?" ಎಂದು ಕೇಳಿ ನೋಡಿ.