ಸಂವಿಧಾನದಲ್ಲಿ ಸಮಾನತೆ ಇತ್ತು, ಆದರೂ ಬೇರೆ ಬೋಗಿ ಹೇಗೆ ಬಂತು?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲೇ ರದ್ದಾಯಿತು. 1868ರ 14ನೇ ತಿದ್ದುಪಡಿ ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಟ್ಟಿತು. ಹಾಗಿದ್ದ ಮೇಲೆ ಕಪ್ಪು ಜನರಿಗೆ ಬೇರೆ ಬೋಗಿ, ಬೇರೆ ಶಾಲೆ ಅಂತ ಕಾನೂನು ಮಾಡಿದ್ದಾದರೂ ಹೇಗೆ? ಯಾರೂ ಕೋರ್ಟಿಗೆ ಹೋಗಲಿಲ್ವಾ?

ಹೋದರು. ಬೇಕಾದ ತಯಾರಿಯನ್ನೆಲ್ಲ ಮಾಡಿಕೊಂಡೇ ಹೋದರು. ಆದರೆ ಸೋತರು. ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ಊರಿನ ಕಥೆ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಗುಲಾಮಗಿರಿ ಹೋದರೂ ಬೇರ್ಪಡಿಕೆ ಹಾಗೇ ಉಳಿದುಕೊಂಡಿತು ಎಂದು ಬಹಳ ಜನ ಅಂದುಕೊಂಡಿದ್ದಾರೆ. ನ್ಯೂ ಆರ್ಲಿಯನ್ಸ್‌ನಲ್ಲಿ ಹಾಗಾಗಲಿಲ್ಲ. ಅಲ್ಲಿ ಕಪ್ಪು ಜನರ ಟ್ರಾಮ್‌ಗಳ ಮೇಲೆ ನಕ್ಷತ್ರದ ಗುರುತು ಇರುತ್ತಿತ್ತು. 1867ರಲ್ಲಿ ಕಪ್ಪು ಜನ ಬೇಕೆಂದೇ ಬಿಳಿಯರ ಟ್ರಾಮ್ ಹತ್ತಿ ಕೂತರು. ಕೆಲವೇ ವಾರಗಳಲ್ಲಿ ಆ ಪದ್ಧತಿ ಹೋಯಿತು. ಮುಂದೆ ಸುಮಾರು 35 ವರ್ಷ ಆ ಊರಿನ ಟ್ರಾಮ್‌ಗಳಲ್ಲಿ ಎಲ್ಲರೂ ಒಟ್ಟಿಗೇ ಓಡಾಡಿದರು. ಅಂದರೆ ಬೇರೆ ಬೋಗಿಯ ಕಾನೂನು ಬಂದಾಗ ಆ ಜನ ಕಳೆದುಕೊಂಡದ್ದು ತಾವೇ ಹೋರಾಡಿ ಗೆದ್ದಿದ್ದ ಹಕ್ಕನ್ನು. ಅವರ ಸಿಟ್ಟಿಗೆ ಇದೇ ಕಾರಣ.

ಗಾಳಿ ತಿರುಗಿದ್ದು 1877ರಲ್ಲಿ. ದಕ್ಷಿಣದಲ್ಲಿ ಕಪ್ಪು ಜನರ ಹಕ್ಕುಗಳಿಗೆ ಕಾವಲಾಗಿದ್ದ ಕೇಂದ್ರದ ಸೈನ್ಯ ಆ ಕೆಲಸದಿಂದ ಹಿಂದೆ ಸರಿಯಿತು. ಹಳೆಯ ಯಜಮಾನರ ಕಡೆಯವರೇ ಅಧಿಕಾರಕ್ಕೆ ಬಂದರು. ರೈಲು, ಹೋಟೆಲು, ನಾಟಕಶಾಲೆಗಳಲ್ಲಿ ಭೇದ ಮಾಡಬಾರದು ಎಂಬ 1875ರ ಕಾನೂನನ್ನು ಸುಪ್ರೀಂ ಕೋರ್ಟ್ 1883ರಲ್ಲಿ ತೆಗೆದುಹಾಕಿತು. 14ನೇ ತಿದ್ದುಪಡಿ ಸರ್ಕಾರವನ್ನು ಕಟ್ಟಿಹಾಕುತ್ತದೆ, ಖಾಸಗಿ ಮಾಲೀಕರನ್ನಲ್ಲ ಎಂಬುದು ಕೋರ್ಟಿನ ವಾದ.

1890ರಲ್ಲಿ ಲೂಸಿಯಾನಾ ಹೊಸ ಕಾನೂನು ತಂದಿತು. ರೈಲುಗಳಲ್ಲಿ ಎರಡು ಜನಾಂಗಗಳಿಗೆ 'ಸಮಾನ, ಆದರೆ ಪ್ರತ್ಯೇಕ' ಬೋಗಿ ಇರಲೇಬೇಕು. ತಪ್ಪಾದ ಬೋಗಿಯಲ್ಲಿ ಕೂತು ಏಳದಿದ್ದರೆ 25 ಡಾಲರ್ ದಂಡ, ಇಲ್ಲವೇ 20 ದಿನ ಜೈಲು. ಅದರಲ್ಲಿ ಒಂದು ವಿನಾಯಿತಿ ಇತ್ತು. ಬೇರೆ ಜನಾಂಗದ ಮಗುವನ್ನು ನೋಡಿಕೊಳ್ಳುವ ಆಯಾಗೆ ಈ ಕಾನೂನು ತಾಗುವುದಿಲ್ಲ. ಬಿಳಿಯರ ಮಗು ಕಂಕುಳಲ್ಲಿದ್ದರೆ ಕಪ್ಪು ಹೆಂಗಸು ಬಿಳಿಯರ ಬೋಗಿಯಲ್ಲಿ ಕೂರಬಹುದು. ಅವಳೇ ಟಿಕೆಟ್ ಕೊಂಡು ಬಂದರೆ ಕೂರುವಂತಿಲ್ಲ! ನನ್ನ ಮಟ್ಟಿಗೆ ಇಡೀ ಕಾನೂನಿನ ಬಣ್ಣ ಬಯಲಾಗುವುದು ಈ ಒಂದು ಸಾಲಿನಲ್ಲಿ. ಪಕ್ಕದಲ್ಲಿ ಕೂರುವುದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಸರಿಸಮಾನವಾಗಿ ಕೂರಬಾರದು, ಅಷ್ಟೇ.

1891ರಲ್ಲಿ ಊರಿನ 18 ಜನ ಸೇರಿ 'ನಾಗರಿಕರ ಸಮಿತಿ' ಕಟ್ಟಿದರು. ಚಂದಾ ಎತ್ತಿದರು. ಆಲ್ಬಿಯನ್ ಟೂರ್ಜಿ ಎಂಬ ಬಿಳಿಯ ವಕೀಲರು ಫೀಸು ತೆಗೆದುಕೊಳ್ಳದೆ ವಾದಿಸಲು ಒಪ್ಪಿದರು. ಕಾನೂನನ್ನು ಕೋರ್ಟಿಗೆ ಎಳೆಯಲೆಂದೇ ಬಿಳಿಯರ ಬೋಗಿಯಲ್ಲಿ ಮೊದಲು ಕೂತದ್ದು ಡೇನಿಯಲ್ ಡೆಸ್ಡ್ಯೂನ್ಸ್ ಎಂಬ ಯುವಕ. ಆದರೆ ಅವರ ಟಿಕೆಟ್ ಹೊರರಾಜ್ಯಕ್ಕಿತ್ತು. ಅಂಥ ಪ್ರಯಾಣಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ ಎಂದು ಕೇಸು ಬಿದ್ದುಹೋಯಿತು. ಹಾಗಾಗಿ ಎರಡನೇ ಸಲ ರಾಜ್ಯದ ಒಳಗೇ ಇರುವ ಕೋವಿಂಗ್ಟನ್‌ಗೆ ಟಿಕೆಟ್ ತೆಗೆದರು.

1892ರ ಜೂನ್ 7ರಂದು ಹೋಮರ್ ಪ್ಲೆಸಿ ಮೊದಲ ದರ್ಜೆಯ ಟಿಕೆಟ್ ಹಿಡಿದು ಬಿಳಿಯರ ಬೋಗಿಯಲ್ಲಿ ಕೂತರು. ಬೂಟು ಹೊಲಿಯುವುದು ಅವರ ಕಸುಬು. ಎಂಟು ಮುತ್ತಜ್ಜ-ಮುತ್ತಜ್ಜಿಯರಲ್ಲಿ ಏಳು ಮಂದಿ ಬಿಳಿಯರು, ನೋಡಲೂ ಬಿಳಿಯರಂತೆಯೇ ಇದ್ದರು. ಅಂಥವರನ್ನೇ ಆರಿಸಿದ್ದು ಯಾಕೆ? ಯಾರ ಜನಾಂಗ ಯಾವುದು ಅಂತ ತೀರ್ಮಾನಿಸಲು ಒಬ್ಬ ಕಂಡಕ್ಟರ್ ಯಾರು ಎಂದು ಕೋರ್ಟಿನಲ್ಲಿ ಕೇಳಬೇಕಿತ್ತು. ಕಂಡಕ್ಟರ್ ಕೇಳಿದಾಗ ಪ್ಲೆಸಿ ತಾವು ಕಪ್ಪು ವರ್ಣದವರು ಎಂದು ಒಪ್ಪಿಕೊಂಡರು, ಎದ್ದು ಹೋಗಲು ಮಾತ್ರ ಒಪ್ಪಲಿಲ್ಲ. ಅವರನ್ನು ಬಂಧಿಸಿದ ಪತ್ತೇದಾರನನ್ನೂ ಸಮಿತಿಯೇ ಗೊತ್ತು ಮಾಡಿತ್ತು. ಗಲಾಟೆಯ ಕೇಸು ಹಾಕಿ ಕೈತೊಳೆದುಕೊಳ್ಳದೆ, ಬೋಗಿ ಕಾನೂನಿನ ಕೇಸೇ ಹಾಕಲಿ ಎಂಬ ಲೆಕ್ಕ. ರೈಲ್ವೆ ಕಂಪನಿಗೂ ವಿಷಯ ಗೊತ್ತಿತ್ತು. ಜಾಸ್ತಿ ಬೋಗಿ ಎಳೆಯುವ ಖರ್ಚು ಅವರಿಗೂ ಬೇಡವಾಗಿತ್ತು.

1896ರ ಮೇ 18ರಂದು ಸುಪ್ರೀಂ ಕೋರ್ಟ್ 7-1ರಿಂದ ಪ್ಲೆಸಿ ವಿರುದ್ಧ ತೀರ್ಪು ಕೊಟ್ಟಿತು. ಬೇರೆ ಕೂರಿಸುವುದರಲ್ಲಿ ಅವಮಾನವೇನೂ ಇಲ್ಲ, ಹಾಗನಿಸಿದರೆ ಅದು ಕಪ್ಪು ಜನರೇ ಹಚ್ಚಿಕೊಂಡ ಅರ್ಥ ಎಂದಿತು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ. ಸಮಾನತೆಯ ಸಾಲನ್ನು ಯಾರೂ ಅಳಿಸಲಿಲ್ಲ, ಬೇರೆ ಕೂರಿಸಿದರೂ ಅದು ಸಮಾನತೆಯೇ ಎಂದು ಓದಿಬಿಟ್ಟರು. ಒಬ್ಬರೇ ಒಪ್ಪದವರು ನ್ಯಾಯಮೂರ್ತಿ ಜಾನ್ ಹಾರ್ಲನ್. ನಮ್ಮ ಸಂವಿಧಾನಕ್ಕೆ ಬಣ್ಣ ಕಾಣುವುದಿಲ್ಲ ಎಂದು ಅವರು ಬರೆದರು. ಅದೇ ಬರಹದಲ್ಲಿ ಚೀನಿಯರ ಬಗ್ಗೆ ಕೀಳಾಗಿಯೂ ಬರೆದಿದ್ದಾರೆ, ಅದನ್ನು ಮುಚ್ಚಿಡಬಾರದು.

ಆಮೇಲೆ ಎಲ್ಲ ಬೇಗ ಬೇಗ ಆಯಿತು. 1898ರಲ್ಲಿ ಲೂಸಿಯಾನಾ ಓದುಬರಹ, ಆಸ್ತಿಯ ಷರತ್ತು ಹಾಕಿ ಕಪ್ಪು ಜನರ ಮತ ಕಿತ್ತುಕೊಂಡಿತು. 1896ರಲ್ಲಿ 1,30,000 ದಾಟಿದ್ದ ಕಪ್ಪು ಮತದಾರರು 1904ಕ್ಕೆ 1,400ಕ್ಕಿಂತ ಕಡಿಮೆಯಾದರು. 1902ರಲ್ಲಿ ನ್ಯೂ ಆರ್ಲಿಯನ್ಸ್ ಟ್ರಾಮ್‌ಗಳಲ್ಲೂ ಬೇರ್ಪಡಿಕೆ ಮತ್ತೆ ಬಂತು.

ಪ್ಲೆಸಿ 1897ರಲ್ಲಿ ತಪ್ಪೊಪ್ಪಿಕೊಂಡು 25 ಡಾಲರ್ ದಂಡ ಕಟ್ಟಿದರು. ಸಮಿತಿಯೂ ಮುಚ್ಚಿತು. ಆದರೆ ಅವರು ನೆಚ್ಚಿಕೊಂಡಿದ್ದ 14ನೇ ತಿದ್ದುಪಡಿ ಇದ್ದಲ್ಲೇ ಇತ್ತು. 1954ರಲ್ಲಿ ಥರ್ಗುಡ್ ಮಾರ್ಷಲ್ ಮತ್ತು ಜೊತೆಯ ವಕೀಲರು ಅದೇ ತಿದ್ದುಪಡಿ ಮುಂದಿಟ್ಟು ಬೇರೆ ಶಾಲೆಗಳ ವಿರುದ್ಧದ ಕೇಸು ಗೆದ್ದರು. ಆ ಸಲ ತೀರ್ಪು 9-0.