ಎಕ್ಸ್‌ರೇ ನಾರ್ಮಲ್, ನೋವು ಮಾತ್ರ ಹೋಗಿಲ್ಲ: ಪಾದಕ್ಕೆ ಯಾವ ಸ್ಕ್ಯಾನ್?

ಪ್ರಶ್ನೆ: ಮೆಟ್ಟಿಲಿಳಿಯುವಾಗ ಕಾಲು ಹೊರಳಿ ಕಣಕಾಲು ಉಳುಕಿತು. ಅಂದೇ ತೆಗೆಸಿದ ಎಕ್ಸ್‌ರೇ ನೋಡಿ ಮೂಳೆ ಮುರಿದಿಲ್ಲ ಎಂದರು. ಮೂರು ವಾರವಾದರೂ ಊತ ಪೂರ್ತಿ ಇಳಿದಿಲ್ಲ, ನಡೆದರೆ ನೋವು. ‘ಒಂದು ಸಲ ಎಂಆರ್‌ಐ ಮಾಡಿಸಿಬಿಡು, ಎಲ್ಲ ಗೊತ್ತಾಗುತ್ತದೆ’ ಎಂದು ಮನೆಯವರು ಹೇಳುತ್ತಿದ್ದಾರೆ. ನೇರವಾಗಿ ಮಾಡಿಸಬಹುದೆ?

ಉತ್ತರ: ಮಾಡಿಸಲೇಬಾರದು ಎಂದೇನೂ ಇಲ್ಲ, ಆದರೆ ನೀವು ಹೇಳಿದ ಸ್ಥಿತಿಯಲ್ಲಿ ಎಂಆರ್‌ಐ ಮುಂದಿನ ಹೆಜ್ಜೆಯಲ್ಲ. ಮೂಳೆ ವೈದ್ಯರು ನಿಮ್ಮ ಕಾಲನ್ನು ಮತ್ತೊಮ್ಮೆ ಒತ್ತಿ ನೋಡಿ, ನೋವಿರುವ ಜಾಗವನ್ನು ಬೆರಳ ತುದಿಯಷ್ಟು ನಿಖರವಾಗಿ ಗುರುತಿಸಬೇಕು. ಆಮೇಲೆ, ಈ ಬಾರಿ ನಿಂತುಕೊಂಡು, ಇನ್ನೊಂದು ಎಕ್ಸ್‌ರೇ ತೆಗೆಸಬೇಕು. ಇವೆರಡರಿಂದಲೂ ಉತ್ತರ ಸಿಗದಿದ್ದರೆ ಎಂಆರ್‌ಐ. ಒಂದು ಪಾದದಲ್ಲಿ 26 ಮೂಳೆಗಳೂ ಮೂವತ್ತಕ್ಕೂ ಹೆಚ್ಚು ಕೀಲುಗಳೂ ಅವನ್ನು ಬಿಗಿದಿಟ್ಟ ನೂರಕ್ಕೂ ಹೆಚ್ಚು ಎಳೆಗಳೂ ಇವೆ. ಇವುಗಳಲ್ಲಿ ಯಾವುದು ಕೆಟ್ಟಿರಬಹುದು ಎಂಬ ಅನುಮಾನ ಮೊದಲು ಹುಟ್ಟಬೇಕು, ಯಂತ್ರದ ಆಯ್ಕೆ ಆ ಅನುಮಾನದ ಹಿಂದೆ ಬರಬೇಕು. ದುಬಾರಿ ಪರೀಕ್ಷೆಯೇ ಒಳ್ಳೆಯ ಪರೀಕ್ಷೆ ಎಂಬ ನಂಬಿಕೆ ಪಾದದ ವಿಷಯದಲ್ಲಿ ಮತ್ತೆ ಮತ್ತೆ ಸುಳ್ಳಾಗುತ್ತದೆ.

ಕಾಲು ಉಳುಕಿದವರೆಲ್ಲರಿಗೂ ಎಕ್ಸ್‌ರೇ ಕೂಡ ಬೇಕಾಗುವುದಿಲ್ಲ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ನಿಯಮಗಳು ಇಂದು ಜಗತ್ತಿನಾದ್ಯಂತ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಬಳಕೆಯಲ್ಲಿವೆ. ಕಣಕಾಲಿನ ಎರಡು ಬದಿಗಳಲ್ಲಿ ಉಬ್ಬಿ ಕಾಣುವ ಮೂಳೆಗಳ ತುದಿಯನ್ನೋ, ಅಲ್ಲಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗಿನ ಹಿಂಬದಿಯ ಅಂಚನ್ನೋ ಒತ್ತಿದಾಗ ನೋವಾದರೆ, ಇಲ್ಲವೇ ಬಿದ್ದ ತಕ್ಷಣವೂ ವೈದ್ಯರ ಮುಂದೆಯೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಕಣಕಾಲಿನ ಎಕ್ಸ್‌ರೇ ಬೇಕು. ಪಾದದ ಹೊರ ಅಂಚಿನ ನಡುವೆ, ಅಂದರೆ ಕಿರುಬೆರಳಿಗೆ ಹೋಗುವ ಉದ್ದ ಮೂಳೆಯ ಬುಡದಲ್ಲಿ, ಅಥವಾ ಪಾದದ ಒಳಬದಿಯ ಕಮಾನಿನ ಮೇಲ್ಭಾಗದಲ್ಲಿರುವ ದೋಣಿಯಾಕಾರದ ಮೂಳೆಯ ಮೇಲೆ ಒತ್ತಿದಾಗ ನೋವಾದರೆ ಪಾದದ ಎಕ್ಸ್‌ರೇ ಬೇಕು. ಇವು ಯಾವುವೂ ಇಲ್ಲದವರಲ್ಲಿ ಗಮನಾರ್ಹ ಮುರಿತವಿರುವ ಸಂಭವ ಬಹಳ ಕಡಿಮೆ. ಮದ್ಯದ ಅಮಲಿನಲ್ಲಿರುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರು, ಹೇಳಿಕೊಳ್ಳಲಾಗದ ಪುಟ್ಟ ಮಕ್ಕಳು, ಇವರ ವಿಷಯದಲ್ಲಿ ಮಾತ್ರ ಈ ನಿಯಮವನ್ನು ನಂಬುವಂತಿಲ್ಲ.

ಹಾಗಾದರೆ ನಿಮ್ಮ ಎಕ್ಸ್‌ರೇ ನಾರ್ಮಲ್ ಆಗಿದ್ದೂ ನೋವು ಉಳಿದದ್ದೇಕೆ? ಆ ಮಾತಿನ ನಿಜವಾದ ಅರ್ಥ, ಆ ದಿನ, ಆ ಕೋನಗಳಿಂದ ನೋಡಿದಾಗ ಮೂಳೆಯಲ್ಲಿ ಮುರಿತ ಕಾಣಲಿಲ್ಲ ಎಂಬುದಷ್ಟೇ. ಎಕ್ಸ್‌ರೇ ಮೂಳೆಯನ್ನು ಚೆನ್ನಾಗಿ ತೋರಿಸುತ್ತದೆ. ಮೂಳೆಯನ್ನು ಮೂಳೆಗೆ ಬಿಗಿಯುವ ಲಿಗಮೆಂಟ್, ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜು, ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಕೆಯಾದ ಮೃದ್ವಸ್ಥಿ, ಇವನ್ನು ಬಹುಪಾಲು ತೋರಿಸುವುದೇ ಇಲ್ಲ, ಮತ್ತು ಉಳುಕಿನಲ್ಲಿ ಹೆಚ್ಚಾಗಿ ಪೆಟ್ಟು ಬೀಳುವುದು ಇವಕ್ಕೇ. ಇನ್ನು ಮೂಳೆಯ ಕೂದಲೆಳೆಯಂಥ ಬಿರುಕು ಮೊದಲ ದಿನ ಕಣ್ಣಿಗೆ ಬೀಳದೆ ಹೋಗಬಹುದು. ಎರಡು ವಾರಗಳ ಹೊತ್ತಿಗೆ ಬಿರುಕಿನ ಅಂಚಿನ ಮೂಳೆ ಸವೆದು ಗೆರೆ ಅಗಲವಾಗುತ್ತದೆ, ಸುತ್ತ ಹೊಸ ಮೂಳೆ ಕಟ್ಟಲಾರಂಭಿಸುತ್ತದೆ. ಆಗ ಹೊಸದಾಗಿ ತೆಗೆದ ಎಕ್ಸ್‌ರೇಯಲ್ಲಿ ಅದು ಕಾಣತೊಡಗುತ್ತದೆ. ಮೂರು ವಾರ ಕಳೆದಿರುವ ನಿಮಗೆ ಎರಡನೆಯ ಎಕ್ಸ್‌ರೇಯಿಂದ ಉಪಯೋಗವಿದೆ ಎನ್ನಲು ಇದೊಂದು ಕಾರಣ. ಮತ್ತೊಂದು ಸಾಧ್ಯತೆಯನ್ನೂ ಮರೆಯಬಾರದು. ಕಣಕಾಲಿನ ಚಿತ್ರ ತೆಗೆದಿರುತ್ತಾರೆ, ಏಟು ಬಿದ್ದಿರುವುದು ಪಾದಕ್ಕೆ. ಕೆಲವು ಬಗೆಯ ಹೊರಳುವಿಕೆಯಲ್ಲಂತೂ ಕಣಕಾಲಿನ ಲಿಗಮೆಂಟ್ ಹರಿದು, ಮುರಿತ ಮಾತ್ರ ಮೊಣಕಾಲಿನ ಹತ್ತಿರದ ಸಣ್ಣ ಮೂಳೆಯಲ್ಲಿ ಆಗಿರುತ್ತದೆ. ಅಲ್ಲಿಯವರೆಗೆ ಕೈಯಾಡಿಸಿ ನೋಡದ ಹೊರತು ಯಾವ ಯಂತ್ರವೂ ಅದನ್ನು ಹಿಡಿಯದು.

ನಿಂತುಕೊಂಡೇ ಎಕ್ಸ್‌ರೇ ತೆಗೆಸಬೇಕೆಂದು ಒತ್ತಿ ಹೇಳುವುದಕ್ಕೂ ಕಾರಣವಿದೆ. ಮೇಜಿನ ಮೇಲೆ ಮಲಗಿದವರ ಪಾದದ ಮೇಲೆ ಭಾರವಿರುವುದಿಲ್ಲ. ಲಿಗಮೆಂಟ್ ಹರಿದಿದ್ದರೂ ಮೂಳೆಗಳು ತಮ್ಮ ಜಾಗದಲ್ಲೇ ಇರುವಂತೆ ಕಾಣಬಹುದು. ಮೈಭಾರ ಬಿದ್ದಾಗಲೇ ಅವು ಸರಿಯುತ್ತವೆ. ಪಾದದ ನಡುಭಾಗದಲ್ಲಿ, ನೆಪೋಲಿಯನ್ ಕಾಲದ ಫ್ರೆಂಚ್ ಶಸ್ತ್ರವೈದ್ಯ ಜಾಕ್ ಲಿಸ್‌ಫ್ರಾಂಕ್ ಅವರ ಹೆಸರು ಹೊತ್ತ ಕೀಲುಸಾಲೊಂದಿದೆ. ಅಲ್ಲಾದ ಗಾಯ ಮೊದಲ ಭೇಟಿಯಲ್ಲಿ ಉಳುಕೆಂದು ತಪ್ಪಾಗಿ ತಿಳಿಯಲ್ಪಡುವುದು ಅಪರೂಪವಲ್ಲ, ಹಾಗೆ ಕೈತಪ್ಪಿದರೆ ಮುಂದೆ ಕಮಾನು ಕುಸಿದು ಸಂಧಿವಾತಕ್ಕೆ ದಾರಿಯಾಗುತ್ತದೆ. ಎರಡು ಪಾದಗಳ ಮೇಲೂ ಸಮನಾಗಿ ಭಾರ ಹಾಕಿ ನಿಲ್ಲಿಸಿ ತೆಗೆದ ಚಿತ್ರದಲ್ಲಿ, ಆ ಜಾಗದ ಸಂದು ಇನ್ನೊಂದು ಪಾದಕ್ಕಿಂತ 2 ಮಿಲಿಮೀಟರಿನಷ್ಟು ಹೆಚ್ಚಾಗಿದ್ದರೂ ವೈದ್ಯರಿಗೆ ಸುಳಿವು ಸಿಗುತ್ತದೆ. ಅಂಗಾಲಿನ ನಡುವೆ ನೀಲಿಗಟ್ಟಿದ ಕಲೆ ಕಂಡವರಂತೂ ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಚಪ್ಪಟೆ ಪಾದ, ಹೆಬ್ಬೆರಳು ಓರೆಯಾಗುವುದು, ಕಣಕಾಲಿನ ಸವೆತ, ಇವನ್ನು ಅಳೆಯುವುದಕ್ಕೂ ನಿಂತ ಭಂಗಿಯ ಚಿತ್ರವೇ ಆಧಾರ. ನಮ್ಮ ಅನೇಕ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಚೀಟಿಯಲ್ಲಿ ‘ನಿಂತುಕೊಂಡು’ ಎಂದು ಬರೆಯದಿದ್ದರೆ ಮಲಗಿಸಿಯೇ ತೆಗೆಯುತ್ತಾರೆ. ಆದ್ದರಿಂದ ಅದನ್ನು ಬರೆಸಿಕೊಂಡು ಹೋಗುವುದು ಒಳ್ಳೆಯದು.

ಇನ್ನು ಎಂಆರ್‌ಐ. ಕಣಕಾಲಿನ ಒಳಗಿನ ಮೂಳೆಯ ಮೇಲ್ಮೈಯಲ್ಲಿ ಮೃದ್ವಸ್ಥಿ ಕಿತ್ತು ಬಂದಿರುವುದು, ಕಾಲಿನ ಎರಡು ಉದ್ದ ಮೂಳೆಗಳನ್ನು ಬಿಗಿದಿಟ್ಟ ಮೇಲಿನ ಲಿಗಮೆಂಟ್ ಹರಿದಿರುವುದು, ಕಮಾನನ್ನು ಎತ್ತಿ ಹಿಡಿಯುವ ಸ್ನಾಯುರಜ್ಜು ಸವೆದಿರುವುದು, ಓಟಗಾರರ ಮತ್ತು ಕವಾಯತು ಮಾಡುವವರ ಮೂಳೆಯ ಒತ್ತಡ ಬಿರುಕು, ಇವನ್ನು ಪತ್ತೆ ಮಾಡುವಲ್ಲಿ ಇದಕ್ಕೆ ಸಮನಾದುದಿಲ್ಲ. ಒತ್ತಡ ಬಿರುಕಿನ ಅನುಮಾನ ಬಲವಾಗಿದ್ದರೆ ಎರಡನೆಯ ಎಕ್ಸ್‌ರೇಗೂ ಕಾಯಬೇಕಾಗಿಲ್ಲ. ಸಾಮಾನ್ಯ ಉಳುಕಿನಲ್ಲಾದರೆ ಸರಿಯಾದ ವ್ಯಾಯಾಮ ಮಾಡಿಯೂ ಆರರಿಂದ ಎಂಟು ವಾರಗಳ ಬಳಿಕ ನೋವು ಉಳಿದಾಗ, ಕಣಕಾಲು ಪದೇ ಪದೇ ಹೊರಳುವಾಗ, ಅಥವಾ ಕೀಲು ಸಿಕ್ಕಿಹಾಕಿಕೊಂಡಂತಾಗುವಾಗ ಇದರ ಸರದಿ ಬರುತ್ತದೆ. ಹೆಚ್ಚಿನವರಿಗೆ ಚುಚ್ಚುಮದ್ದಿನ ಬಣ್ಣದ್ರವ ಬೇಕಾಗುವುದಿಲ್ಲ.

ಆದರೆ ‘ಎಲ್ಲ ಗೊತ್ತಾಗುತ್ತದೆ’ ಎಂಬ ಮಾತಿನಲ್ಲೊಂದು ತೊಡಕಿದೆ: ಎಂಆರ್‌ಐ ಬೇಕಾದದ್ದನ್ನೂ ಬೇಡವಾದದ್ದನ್ನೂ ಒಟ್ಟಿಗೆ ತೋರಿಸುತ್ತದೆ. ಉಳುಕಿದ ಕಣಕಾಲಿನ ಹೊರಬದಿಯ ಲಿಗಮೆಂಟ್ ಭಾಗಶಃ ಹರಿದಿದೆ, ಮೂಳೆಯೊಳಗೆ ನೀರು ತುಂಬಿದಂಥ ಊತವಿದೆ ಎಂದು ರಿಪೋರ್ಟಿನಲ್ಲಿ ಓದಿದವರು ಬೆಚ್ಚಿಬಿದ್ದು ಆಪರೇಷನ್ ಬಗ್ಗೆ ವಿಚಾರಿಸತೊಡಗುತ್ತಾರೆ. ಮೂರು ವಾರದ ಉಳುಕಿನಲ್ಲಿ ಅವೆರಡೂ ನಿರೀಕ್ಷಿತವೇ. ಆ ಊತ ತಿಂಗಳುಗಟ್ಟಲೆ ಉಳಿಯಬಲ್ಲದು, ಮತ್ತು ಭಾಗಶಃ ಹರಿದ ಆ ಲಿಗಮೆಂಟಿಗೆ ಚಿಕಿತ್ಸೆ ಎಂಆರ್‌ಐ ಮಾಡಿಸಿದರೂ ಮಾಡಿಸದಿದ್ದರೂ ಅದೇ: ಕಣಕಾಲಿಗೆ ಆಧಾರದ ಪಟ್ಟಿ, ಹಂತ ಹಂತವಾಗಿ ನಡಿಗೆ, ಸಮತೋಲನದ ವ್ಯಾಯಾಮ.

ಹಿಮ್ಮಡಿ ನೋವಿನಲ್ಲಿಯೂ ಇದೇ ಬಗೆಯ ಗೊಂದಲ ಕಾಣುತ್ತದೆ. ಬೆಳಿಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಗೆ ಚುಚ್ಚಿ, ನಡೆಯುತ್ತ ಹಗುರಾಗುವ ನೋವನ್ನು ವೈದ್ಯರು ಕೇಳಿ, ಒತ್ತಿ ನೋಡಿಯೇ ಗುರುತಿಸುತ್ತಾರೆ. ಆರಂಭದಲ್ಲಿ ಯಾವ ಚಿತ್ರವೂ ಬೇಕಿಲ್ಲ. ಎಕ್ಸ್‌ರೇಯಲ್ಲಿ ಕಾಣುವ ‘ಮೂಳೆ ಬೆಳೆದಿದೆ’ ಎಂಬ ಮುಳ್ಳಿನಂಥ ಚಾಚು ನೋವೇ ಇಲ್ಲದ ಅನೇಕರ ಹಿಮ್ಮಡಿಯಲ್ಲೂ ಇರುತ್ತದೆ. ಆ ಚಾಚನ್ನು ಆಪರೇಷನ್ ಮಾಡಿಸಿ ತೆಗೆಸಿದರೆ ನೋವು ಹೋಗುತ್ತದೆಂಬ ಭರವಸೆಗೆ ಆಧಾರ ಸಾಲದು.

ಅಲ್ಟ್ರಾಸೌಂಡನ್ನು ಜನ ಹೊಟ್ಟೆಗೂ ಗರ್ಭಕ್ಕೂ ಮಾತ್ರ ಸೇರಿದ್ದೆಂದು ಭಾವಿಸಿದ್ದಾರೆ. ಚರ್ಮದ ಕೆಳಗೇ ಇರುವ ರಚನೆಗಳಿಗೆ, ಅಂದರೆ ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು, ಅಂಗಾಲಿನ ಪೊರೆ, ಬೆರಳುಗಳ ಸಂದಿನ ನರದ ಗಂಟು ಇವುಗಳಿಗೆ, ಅದು ಅಗ್ಗದ, ವಿಕಿರಣವಿಲ್ಲದ, ಚುರುಕಾದ ಪರೀಕ್ಷೆ. ಕಾಲನ್ನು ಆಡಿಸುತ್ತಲೇ ನೋಡಬಹುದಾದ್ದರಿಂದ, ಮೂಳೆಯ ಹಿಂದಿನಿಂದ ಜಾರುವ ಸ್ನಾಯುರಜ್ಜುವನ್ನು ಅದು ಜಾರುವ ಕ್ಷಣದಲ್ಲೇ ಹಿಡಿಯಬಹುದು. ಅಲುಗಾಡದೆ ಮಲಗಬೇಕಾದ ಎಂಆರ್‌ಐಯಲ್ಲಿ ಇದು ಸಾಧ್ಯವಾಗದು. ಕರ್ನಾಟಕದ ಒಣ ಜಿಲ್ಲೆಗಳಲ್ಲಿ ಹೊಲಕ್ಕೆ ಹೋಗುವವರಿಗೆ ಇನ್ನೊಂದು ಉಪಯೋಗವಿದೆ. ಪಾದದೊಳಗೆ ಮುರಿದು ಉಳಿದ ಜಾಲಿ ಮುಳ್ಳು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಗಾಜಿನ ಚೂರು, ಮೊಳೆಯ ತುಂಡು ಕಾಣುತ್ತವೆ. ಮುಳ್ಳು ಚುಚ್ಚಿದ ಜಾಗ ವಾರಗಟ್ಟಲೆ ಕೀವಾಗುತ್ತಲೇ ಇದ್ದು ಎಕ್ಸ್‌ರೇ ಸರಿಯಿದೆ ಎಂದಿದ್ದರೆ, ಅಲ್ಟ್ರಾಸೌಂಡ್ ಕೇಳಬೇಕು. ಒಂದು ಮಿತಿಯಿದೆ: ಇದರ ಫಲಿತಾಂಶ ನೋಡುವವರ ಪಳಗಿದ ಕೈಯನ್ನು ಬಹಳವಾಗಿ ಅವಲಂಬಿಸಿದೆ.

ಸಿಟಿ ಸ್ಕ್ಯಾನ್ ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಯೋಜನೆಗೆ. ತೆಂಗಿನ ಅಥವಾ ಅಡಿಕೆ ಮರದಿಂದಲೋ ಕಟ್ಟಡದ ಸಾರುವೆಯಿಂದಲೋ ಬಿದ್ದು ಹಿಮ್ಮಡಿ ಮೂಳೆ ಪುಡಿಯಾದವರಿಗೆ ತುಂಡುಗಳ ಜೋಡಣೆಯನ್ನು ಮೂರು ಆಯಾಮಗಳಲ್ಲಿ ತೋರಿಸುವುದು ಇದೇ. ಹಾಗೆ ಬಿದ್ದವರ ಸೊಂಟದ ಬೆನ್ನುಮೂಳೆಯನ್ನೂ ಪರೀಕ್ಷಿಸಬೇಕು, ಏಕೆಂದರೆ ಎರಡೂ ಒಟ್ಟಿಗೆ ಮುರಿಯುವುದುಂಟು. ಪಾದದ ಸಿಟಿಯ ವಿಕಿರಣ ಹೊಟ್ಟೆಯ ಸಿಟಿಗೆ ಹೋಲಿಸಿದರೆ ತೀರ ಕಡಿಮೆ. ಆ ಭಯಕ್ಕೆ ಅಗತ್ಯವಾದ ಪರೀಕ್ಷೆಯನ್ನು ತಪ್ಪಿಸುವುದು ಸರಿಯಲ್ಲ.

ಇಷ್ಟು ಹೊತ್ತು ಹೇಳಿದ ‘ಕಾಯ್ದು ನೋಡಿ’ ಎಂಬ ಮಾತು ಸಕ್ಕರೆ ಕಾಯಿಲೆಯವರಿಗೆ ಅನ್ವಯಿಸುವುದಿಲ್ಲ. ಪಾದದ ಸ್ಪರ್ಶ ಮಂದವಾಗಿರುವವರ ಒಂದು ಪಾದ ಮಾತ್ರ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು, ಅದಕ್ಕೆ ತಕ್ಕಷ್ಟು ನೋವಿಲ್ಲದಿದ್ದರೆ, ಅದು ಮೂಳೆಗಳು ಒಳಗೊಳಗೇ ಕುಸಿಯುವ ಶಾರ್ಕೋ ಪಾದದ ಆರಂಭವಾಗಿರಬಹುದು. ಆಗ ಎಕ್ಸ್‌ರೇ ಸ್ವಚ್ಛವಾಗಿಯೇ ಕಾಣಬಹುದು. ನಡೆಯುತ್ತಲೇ ಹೋದರೆ ಕೆಲವು ವಾರಗಳಲ್ಲಿ ಪಾದದ ಆಕಾರವೇ ಕೆಡುತ್ತದೆ. ಹಾಗಾಗಿ ಭಾರ ಹಾಕುವುದನ್ನು ಅಂದೇ ನಿಲ್ಲಿಸಿ, ಬೇಗ ಎಂಆರ್‌ಐ ಮಾಡಿಸಬೇಕಾಗುತ್ತದೆ. ಮಾಯದ ಹುಣ್ಣಿನಡಿ ಮೂಳೆಗೆ ಸೋಂಕು ತಗುಲಿರುವ ಅನುಮಾನದಲ್ಲೂ ಹಾಗೆಯೇ: ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ಎರಡು ಮೂರು ವಾರ ಬೇಕು, ಸೋಂಕು ಅಷ್ಟು ಕಾಯುವುದಿಲ್ಲ. ಪಾದದ ರಕ್ತಸಂಚಾರ ನೋಡಲು ಡಾಪ್ಲರ್ ಪರೀಕ್ಷೆಯೂ ಇವರಿಗೆ ಬೇಕಾಗಬಹುದು.

ನಿಮಗೆ ಸಕ್ಕರೆ ಕಾಯಿಲೆ ಇಲ್ಲವೆಂದಾದರೆ, ಮುಂದಿನ ಭೇಟಿಗೆ ಹಳೆಯ ಫಿಲ್ಮನ್ನೇ ಕೊಂಡೊಯ್ಯಿರಿ, ರಿಪೋರ್ಟಿನ ಹಾಳೆ ಮಾತ್ರ ಸಾಲದು. ಕೊನೆಗೆ ಎಂಆರ್‌ಐ ಬೇಕೆಂದೇ ತೀರ್ಮಾನವಾದರೆ, ‘ಕಣಕಾಲು’ ಎಂದಷ್ಟೇ ಬರೆಯದೆ ನೋವಿನ ಜಾಗವನ್ನೂ ಯಾವುದರ ಅನುಮಾನವಿದೆ ಎಂಬುದನ್ನೂ ಚೀಟಿಯಲ್ಲಿ ಬರೆದುಕೊಡುವಂತೆ ವೈದ್ಯರನ್ನು ಕೇಳಿ, ಏಕೆಂದರೆ ಕಣಕಾಲಿಗೂ ಪಾದದ ಮುಂಭಾಗಕ್ಕೂ ಯಂತ್ರವನ್ನು ಬೇರೆ ಬೇರೆಯಾಗಿ ಹೊಂದಿಸುತ್ತಾರೆ. ಎದೆಯಲ್ಲಿ ಪೇಸ್‌ಮೇಕರ್, ಕಿವಿಯೊಳಗೆ ಅಳವಡಿಸಿದ ಶ್ರವಣ ಸಾಧನ, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಅಥವಾ ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಸಿಡಿದ ಲೋಹದ ಕಣ ಇದ್ದರೆ, ಬಲವಾದ ಅಯಸ್ಕಾಂತವಿರುವ ಆ ಯಂತ್ರದ ಕೋಣೆಗೆ ಕಾಲಿಡುವ ಮೊದಲೇ ತಿಳಿಸಬೇಕು.